ಹದಿನೆಂಟು ಮೊಳ, ಒಂಬತ್ತು ಗಜ: ಉದ್ದ ಬದಲಿಸುವ ಪಾಠದ ಕಥೆ

ಮುಂಬಯಿಯ ದಾದರ್‌ನಲ್ಲಿ ಕಚ್ಚೆ ಹಾಕಿ ಉಡುವ ಸೀರೆ ಬೇಕಾದರೆ ‘ನವ್ವಾರಿ’ ಎಂದು ಕೇಳಬೇಕು. ಒಂಬತ್ತು ವಾರಿನದು ಎಂದು ಅದರ ಅರ್ಥ. ಮರಾಠಿಯ ‘ವಾರ್’ ಎಂದರೆ ನಮ್ಮ ಗಜ. ಚೆನ್ನೈನ ಮೈಲಾಪುರದಲ್ಲಿ ಅಷ್ಟೇ ಉದ್ದದ ಸೀರೆಗೆ ಹಿರಿಯರು ‘ಪದಿನೆಟ್ಟು ಮುೞಂ’ ಅನ್ನುತ್ತಾರೆ. ನಮ್ಮ ಅಜ್ಜಿಯರ ಬಾಯಲ್ಲಿ ಅದು ಹದಿನೆಂಟು ಮೊಳದ ಸೀರೆ. ಮೀಟರಿನಲ್ಲಿ ಅಳೆದರೆ ಸುಮಾರು 8.23 ಮೀಟರ್. ಸೀರೆಯ ಉದ್ದ ಒಂದೇ, ಅದನ್ನು ಹೇಳುವ ಸಂಖ್ಯೆಗಳು ಮಾತ್ರ ಮೂರು.

ಈ ಮೂರು ಸಂಖ್ಯೆಗಳನ್ನು, 9, 18 ಮತ್ತು 8.23ನ್ನು, ನಾಲ್ಕನೆಯ ತರಗತಿಯ ಮಗುವಿನ ಮುಂದಿಟ್ಟು ಯಾವ ಸೀರೆ ಉದ್ದ ಎಂದು ಕೇಳಿ ನೋಡಿ. ಬಹಳ ಮಕ್ಕಳು ಹದಿನೆಂಟರ ಮೇಲೆ ಬೆರಳಿಡುತ್ತಾರೆ. ಅದು ದಡ್ಡತನವಲ್ಲ. ಅಲ್ಲಿಯವರೆಗೆ ಶಾಲೆ ಹೇಳಿಕೊಟ್ಟದ್ದು ದೊಡ್ಡ ಸಂಖ್ಯೆ ಎಂದರೆ ಹೆಚ್ಚು ಎಂದೇ. ಅಳತೆ ಚಿಕ್ಕದಾದಷ್ಟೂ ಎಣಿಕೆ ದೊಡ್ಡದಾಗುತ್ತದೆ ಎಂಬ ಮಾತು ಆ ಪಾಠಕ್ಕೆ ಅಡ್ಡ ಬರುವಂಥದ್ದು. ಉದ್ದದ ಮಾನಗಳನ್ನು ಪರಿವರ್ತಿಸುವ ಪಾಠದಲ್ಲಿ ನಿಜವಾಗಿ ಕಲಿಯಬೇಕಾದದ್ದು ಈ ಒಂದು ಮಾತು. ಉಳಿದದ್ದು ಗುಣಾಕಾರ, ಭಾಗಾಕಾರ.

ಇಂದಿನ ಪುಸ್ತಕಗಳಲ್ಲಿ ಈ ಪಾಠ ಒಂದು ಏಣಿಯ ರೂಪದಲ್ಲಿದೆ. ಮೇಲಿನ ಮೆಟ್ಟಿಲು ಕಿಲೋಮೀಟರ್, ಆಮೇಲೆ ಹೆಕ್ಟೋಮೀಟರ್, ಡೆಕಾಮೀಟರ್, ಮೀಟರ್, ಡೆಸಿಮೀಟರ್, ಸೆಂಟಿಮೀಟರ್, ಕೊನೆಗೆ ಮಿಲಿಮೀಟರ್. ಇಳಿಯುವಾಗ ಹತ್ತರಿಂದ ಗುಣಿಸು, ಹತ್ತುವಾಗ ಹತ್ತರಿಂದ ಭಾಗಿಸು. ಕ್ರಮೇಣ ಅದೂ ಬೇಡ, ಚುಕ್ಕೆಯನ್ನು ಅತ್ತ ಇತ್ತ ಸರಿಸಿದರೆ ಸಾಕು. ಇಷ್ಟು ಸಲೀಸಾದ ಪಾಠ ಇನ್ನೊಂದಿಲ್ಲ ಅನ್ನಿಸುತ್ತದೆ. ಆದರೂ ಚುಕ್ಕೆ ಯಾವ ಕಡೆ ಸರಿಯಬೇಕು ಎಂಬಲ್ಲಿ ಮಕ್ಕಳು ತಪ್ಪುತ್ತಲೇ ಇರುತ್ತಾರೆ. ಏಕೆ ಎಂದು ತಿಳಿಯಬೇಕಾದರೆ ಈ ಏಣಿ ಬರುವ ಮೊದಲು ನಮ್ಮಲ್ಲಿ ಏನಿತ್ತು, ಏಣಿ ಎಲ್ಲಿಂದ ಬಂತು ಎಂದು ನೋಡಬೇಕು.

ಕೈಯೇ ಅಳತೆಗೋಲು

ಕನ್ನಡದ ಉದ್ದದ ಮಾತುಗಳು ಮೈಯಿಂದ ಹುಟ್ಟಿದವು. ಹೆಬ್ಬೆರಳನ್ನೂ ತೋರುಬೆರಳನ್ನೂ ಹಿಗ್ಗಿಸಿದರೆ ಚೋಟು. ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಗೆ ಗೇಣು. ಮೊಣಕೈಯಿಂದ ನಡುಬೆರಳಿನ ತುದಿಗೆ ಮೊಳ. ಎರಡೂ ತೋಳು ಚಾಚಿದರೆ ಮಾರು. ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ದೂರಕ್ಕೆ ಹರಿದಾರಿ ಮತ್ತು ಗಾವುದ. ಹರಿದಾರಿಯನ್ನು ಸುಮಾರು ಮೂರು ಮೈಲಿ, ಗಾವುದವನ್ನು ಸುಮಾರು ಹನ್ನೆರಡು ಮೈಲಿ ಎಂದು ಲೆಕ್ಕ ಹಿಡಿಯುವುದು ರೂಢಿ.

ಇವು ಒಂದು ಊರಿನ ಮಾತುಗಳಲ್ಲ. ಕನ್ನಡದ ಮೊಳ, ತಮಿಳು ಮತ್ತು ಮಲಯಾಳದ ಮುೞಂ, ತೆಲುಗಿನ ಮೂರ ಒಂದೇ ಬೇರಿನ ಪದಗಳು. ಹಾಗಾಗಿ ಚೆನ್ನೈನಲ್ಲಾಗಲಿ ಹೈದರಾಬಾದಿನಲ್ಲಾಗಲಿ ಹೂವಿನವಳ ಮುಂದೆ ನಿಂತಾಗ ಅಳತೆಯ ಮಾತನ್ನು ಹೊಸದಾಗಿ ಕಲಿಯಬೇಕಾಗಿಲ್ಲ, ಉಚ್ಚಾರ ಸ್ವಲ್ಪ ಬದಲಿಸಿದರೆ ಸಾಕು. ಕೊಳ್ಳುವವರ ಕೈ ಉದ್ದವಿದ್ದರೂ ಅಳೆಯುವುದು ಹೂವಿನವಳ ಕೈ ಎಂಬ ಒಪ್ಪಂದವೂ ಎಲ್ಲ ಕಡೆ ಒಂದೇ.

ಮೈ ಸಾಲದ ಕಡೆ ದನಿಯೂ ಅಳತೆಯಾಗಿದೆ. ಒಬ್ಬರು ಕೂಗಿದರೆ ಕೇಳಿಸುವಷ್ಟು ದೂರ ಕೂಗಳತೆ. ಸಂಸ್ಕೃತದ ‘ಕ್ರೋಶ’ವೂ ಹೀಗೆ ಹುಟ್ಟಿದ್ದೇ, ನಮಗೆ ‘ಆಕ್ರೋಶ’ದಲ್ಲಿ ಪರಿಚಯವಿರುವ, ಕೂಗು ಎಂಬ ಅರ್ಥದ ಧಾತುವಿನಿಂದ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬರುವ ‘ಗೋರುತ’ ಎಂಬ ದೂರದ ಅಳತೆಯ ಹೆಸರಿನಲ್ಲಿ ಹಸುವಿನ ಕೂಗು ಇದೆ.

ಮೈಯ ಅಳತೆ ಎಂದ ಮೇಲೆ ಯಾರ ಮೈ ಎಂಬ ಪ್ರಶ್ನೆ ಏಳಲೇಬೇಕು. ನಮ್ಮ ಹಳೆಯವರು ಇದನ್ನು ಗಮನಿಸದೆ ಬಿಟ್ಟಿರಲಿಲ್ಲ. ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಉದ್ದದ ಮಾನಗಳ ಕೋಷ್ಟಕವೇ ಇದೆ. ಎಂಟು ಜವೆಕಾಳಿನ ನಡು ಸೇರಿದರೆ ಒಂದು ಅಂಗುಲ. ಅಥವಾ ಮಧ್ಯಮ ಗಾತ್ರದ ಮನುಷ್ಯನ ನಡುಬೆರಳಿನ ನಡುಗೆಣ್ಣು ಒಂದು ಅಂಗುಲ. ಹನ್ನೆರಡು ಅಂಗುಲಕ್ಕೆ ವಿತಸ್ತಿ, ಅಂದರೆ ಗೇಣು. ಎರಡು ವಿತಸ್ತಿಗೆ ಅರತ್ನಿ, ಅಂದರೆ ಮೊಳ. ನಾಲ್ಕು ಅರತ್ನಿಗೆ ದಂಡ. ಅದೇ ಕೋಷ್ಟಕ ಇನ್ನೂ ಒಂದು ಮಾತು ಹೇಳುತ್ತದೆ: ಮರಮುಟ್ಟಿನ ಕಾಡನ್ನು ಅಳೆಯುವ ಹಸ್ತ 24 ಅಂಗುಲದ್ದಲ್ಲ, 54 ಅಂಗುಲದ್ದು. ಹೆಸರು ಒಂದೇ ಹಸ್ತ, ಕೆಲಸ ಬದಲಾದರೆ ಉದ್ದವೂ ಬದಲು.

ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಅದರ ಮೊದಲ ಅಧ್ಯಾಯ ಕೂಡುವುದು ಕಳೆಯುವುದನ್ನು ಹೇಳುವುದಿಲ್ಲ, ಸಂಜ್ಞೆಗಳನ್ನು ಹೇಳುತ್ತದೆ. ಉದ್ದ, ಕಾಲ, ಧಾನ್ಯ, ಚಿನ್ನ, ಬೆಳ್ಳಿಗಳ ಮಾನಗಳು ಮೊದಲು, ಲೆಕ್ಕ ಆಮೇಲೆ. ಉದ್ದದ ಸರಣಿ ಕಣ್ಣಿಗೆ ಕಾಣದ ಪರಮಾಣುವಿನಿಂದ ಹೊರಟು, ರಥದ ಧೂಳು, ತಲೆಕೂದಲು, ಸೀರು, ಜವೆಕಾಳುಗಳ ಮೂಲಕ ಎಂಟೆಂಟು ಪಟ್ಟು ಬೆಳೆಯುತ್ತಾ ಅಂಗುಲಕ್ಕೆ ಬರುತ್ತದೆ. ಮಹಾವೀರ ಅಂಗುಲವನ್ನೂ ಒಂದೇ ಎಂದು ಬಿಡುವುದಿಲ್ಲ. ವ್ಯವಹಾರದ ಅಂಗುಲ ಒಂದು, ಅದರ ಐನೂರು ಪಟ್ಟಿನ ಪ್ರಮಾಣಾಂಗುಲ ಇನ್ನೊಂದು, ಆಯಾ ಕಾಲದ ಮನುಷ್ಯರ ಸ್ವಂತ ಬೆರಳಿನ ಆತ್ಮಾಂಗುಲ ಮತ್ತೊಂದು.

ನಾನು ಭಾಷೆ ಓದಿಕೊಂಡವಳು, ಹೊಟ್ಟೆಪಾಡಿಗೆ ಅನುವಾದ ಮಾಡುವವಳು. ಮಹಾವೀರನ ಆ ಮೊದಲ ಅಧ್ಯಾಯಕ್ಕಿರುವ ಸ್ಥಾನ ನನಗೆ ಬಹಳ ಹಿಡಿಸುತ್ತದೆ. ‘ಪರಿಭಾಷೆ’ ಎಂಬ ಪದವನ್ನು ಅವನು ಅಳತೆಗಳಿಗೆ ಬಳಸುತ್ತಾನೆ. ಇಂದು ಆ ಪದಕ್ಕೆ ಶಾಸ್ತ್ರದ ಪದಗಳ ಕಟ್ಟು ಎಂಬ ಅರ್ಥ ನಿಂತಿದೆ. ಎರಡೂ ಕಡೆ ತಿರುಳು ಒಂದೇ: ಮಾತಾಡುವ ಮೊದಲು ಈ ಪದಕ್ಕೆ ಇಷ್ಟೇ ಅರ್ಥ ಎಂದು ಎಲ್ಲರೂ ಒಪ್ಪಿಕೊಳ್ಳುವುದು. ಆ ಗ್ರಂಥ ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನ ಕೈಯಲ್ಲಿ ತೆಲುಗಿಗೆ ಹೋಯಿತು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಬರೆದ.

ಎಂಟು, ಹದಿನಾರು ಏಕೆ?

ಹಳೆಯ ಕೋಷ್ಟಕಗಳಲ್ಲಿ ಎರಡು, ನಾಲ್ಕು, ಎಂಟು, ಹದಿನಾರು ಮತ್ತೆ ಮತ್ತೆ ಬರುತ್ತವೆ. ಹತ್ತು ಅಷ್ಟಾಗಿ ಬರುವುದಿಲ್ಲ. ಬೆರಳು ಹತ್ತಿರುವವರು ಹತ್ತರಲ್ಲಿ ಏಕೆ ಅಳೆಯಲಿಲ್ಲ? ಒಂದು ಹಗ್ಗ ತೆಗೆದುಕೊಂಡು ನೋಡಿದರೆ ಉತ್ತರ ಸಿಗುತ್ತದೆ. ಹಗ್ಗವನ್ನು ಒಮ್ಮೆ ಮಡಚಿದರೆ ಅರ್ಧ, ಮತ್ತೊಮ್ಮೆ ಮಡಚಿದರೆ ಕಾಲು, ಇನ್ನೆರಡು ಸಲ ಮಡಚಿದರೆ ಹದಿನಾರನೆಯ ಒಂದು ಪಾಲು. ಯಾವ ಸಲಕರಣೆಯೂ ಬೇಡ. ಅದೇ ಹಗ್ಗವನ್ನು ಕಣ್ಣಳತೆಯಲ್ಲಿ ಹತ್ತು ಸಮ ಪಾಲು ಮಾಡಲು ಹೋದರೆ ಬೆವರು ಬರುತ್ತದೆ. ಅಳೆಯುವವರಿಗೆ ಮಡಚುವುದು ಸುಲಭ, ಬರೆದು ಲೆಕ್ಕ ಹಾಕುವವರಿಗೆ ಹತ್ತು ಸುಲಭ. ಮುಂದೆ ಬಂದ ಜಗಳವೆಲ್ಲ ಈ ಇಬ್ಬರ ನಡುವಿನದು.

ಕನ್ನಡದ ಭಿನ್ನರಾಶಿಯ ಪದಗಳೂ ಮಡಚುವವರ ಕಡೆಗೇ ಇವೆ. ಅರೆ, ಕಾಲು, ಮುಕ್ಕಾಲು. ಹಳೆಯ ಲೆಕ್ಕದಲ್ಲಿ ಕಾಲಿಗೆ ಹಾಗ, ಹದಿನಾರನೆಯ ಒಂದು ಪಾಲಿಗೆ ವೀಸ. ಹತ್ತನೆಯ ಒಂದು ಪಾಲಿಗೆ ಇಂಥ ಒಂದೇ ಉಸಿರಿನ ಮನೆಮಾತು ನಮ್ಮಲ್ಲಿ ಇಲ್ಲ. ಅದನ್ನು ‘ಹತ್ತರಲ್ಲಿ ಒಂದು’ ಎಂದು ಬಿಡಿಸಿ ಹೇಳಬೇಕು.

ಈ ಲೆಕ್ಕವನ್ನು ಮಕ್ಕಳು ಕಲಿಯುತ್ತಿದ್ದುದು ಊರ ಮಠಗಳಲ್ಲಿ, ಅಯ್ಯಗಳ ಜಗಲಿಯಲ್ಲಿ. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಊರ ಶಾಲೆಗಳ ಲೆಕ್ಕ ಕೇಳಿದಾಗ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಉತ್ತರ ಬರೆದ. ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದರಿಂದ ಶುರುವಾಗಿ ದಿನಬಳಕೆಯ ಲೆಕ್ಕದವರೆಗೆ ಕಲಿಕೆ ಹೇಗೆ ಸಾಗುತ್ತದೆ, ಮುಂದುವರಿದ ಮಕ್ಕಳು ಕಿರಿಯರಿಗೆ ಹೇಗೆ ಹೇಳಿಕೊಡುತ್ತಾರೆ ಎಂದು ಅವನು ವಿವರಿಸುತ್ತಾನೆ; ಮೆಚ್ಚುತ್ತಾನೆ. ಅರ್ಥವಾಗದ್ದನ್ನು ಬಾಯಿಪಾಠ ಮಾಡಿಸುತ್ತಾರೆ ಎಂದು ದೂರುತ್ತಾನೆ ಕೂಡ. ಎರಡೂ ನಿಜವೇ ಇರಬೇಕು. ಮಗ್ಗಿ ಕೂಗಿದ ಹುಡುಗ ಅಂಗಡಿಯಲ್ಲಿ ತಪ್ಪುತ್ತಿರಲಿಲ್ಲ. ಆದರೆ ಎಲ್ಲರ ಮನೆಯ ಮಕ್ಕಳೂ, ಹೆಣ್ಣುಮಕ್ಕಳೂ ಆ ಜಗಲಿ ಹತ್ತುತ್ತಿರಲಿಲ್ಲ.

ಮೂರು ಪ್ರಾಂತ್ಯದ ಮೂರು ಗಜ

ಹಳೆಯದನ್ನು ನೆನೆಯುವಾಗ ಅದರ ಮೋಸವನ್ನೂ ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಗಜ ಎಂದರೆ ಬಂಗಾಳದಲ್ಲಿ 36 ಅಂಗುಲ, ಮದ್ರಾಸಿನಲ್ಲಿ 33, ಮುಂಬಯಿಯಲ್ಲಿ 27. ಇವು ಬ್ರಿಟಿಷರ ಅಂಗುಲದಲ್ಲಿ, ಅಂದರೆ ಇಂಚಿನಲ್ಲಿ. ಮುಂಬಯಿಯ ನಾಲ್ಕು ಗಜ ಬಟ್ಟೆ ಬಂಗಾಳದಲ್ಲಿ ಮೂರೇ ಗಜ. ಈ ಲೆಕ್ಕ ಬಲ್ಲವನು ವ್ಯಾಪಾರಿ. ಬಾರದವರು ನೇಯ್ದವರು ಮತ್ತು ಕೊಂಡವರು. ಪರಿವರ್ತನೆ ಎಂಬುದು ಆಗ ಪರೀಕ್ಷೆಯ ಪ್ರಶ್ನೆಯಾಗಿರಲಿಲ್ಲ, ಬಡವರ ಜೇಬಿನ ಪ್ರಶ್ನೆಯಾಗಿತ್ತು.

ಭೂಮಿಯ ಅಳತೆಯಲ್ಲಿ ಇನ್ನೊಂದು ಬೆಸುಗೆ ನಡೆಯಿತು. ಧಾರವಾಡ, ಬೆಳಗಾವಿಗಳನ್ನು ಒಳಗೊಂಡಿದ್ದ ಮುಂಬಯಿ ಪ್ರಾಂತ್ಯದ ಮೋಜಣಿಯಲ್ಲಿ 33 ಅಡಿಯ ಸರಪಳಿ ಬಳಸಿದರು. ಅದನ್ನು ಹದಿನಾರು ಆಣೆಗಳಾಗಿ ಭಾಗ ಮಾಡಿದರು. ರೂಪಾಯಿಗೆ ಹದಿನಾರು ಆಣೆ ಇದ್ದಂತೆ ಸರಪಳಿಗೂ ಹದಿನಾರು ಆಣೆ! ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕಕ್ಕೆ ಗುಂಟೆ ಎಂದು ಹೆಸರು. 33ನ್ನು 33ರಿಂದ ಗುಣಿಸಿದರೆ 1,089 ಚದರಡಿ. ಅಂಥ ನಲವತ್ತು ಗುಂಟೆ ಸೇರಿದರೆ 43,560 ಚದರಡಿ, ಅಂದರೆ ಸರಿಯಾಗಿ ಒಂದು ಎಕರೆ. ಇಂಗ್ಲಿಷರ ಎಕರೆಯನ್ನು ಊರ ಹದಿನಾರರ ಲೆಕ್ಕಕ್ಕೆ ಕೂಡಿಸಿದ ಜಾಣತನ ಇದು. ಇಂದಿಗೂ ಕರ್ನಾಟಕದ ಪಹಣಿಯಲ್ಲಿ ಎಕರೆ, ಗುಂಟೆ, ಆಣೆ ಎಂದೇ ಬರೆಯುತ್ತಾರೆ.

ಶಾಲೆಯಲ್ಲಿ ಮಾತ್ರ ಇಂಗ್ಲಿಷ್ ಕೋಷ್ಟಕ ಹಾಗೆ ಹಾಗೇ ಬಂತು. 12 ಇಂಚಿಗೆ ಅಡಿ, 3 ಅಡಿಗೆ ಗಜ, 220 ಗಜಕ್ಕೆ ಫರ್ಲಾಂಗು, 8 ಫರ್ಲಾಂಗಿಗೆ ಮೈಲಿ. ‘3 ಮೈಲಿ 5 ಫರ್ಲಾಂಗು 100 ಗಜವನ್ನು ಅಡಿಗೆ ತಿರುಗಿಸು’ ಎಂಬಂಥ ಲೆಕ್ಕ. ಮೈಲಿಯನ್ನು ಎಂಟರಿಂದ ಗುಣಿಸಿ ಐದು ಕೂಡಿದರೆ 29 ಫರ್ಲಾಂಗು. ಅದನ್ನು 220ರಿಂದ ಗುಣಿಸಿ ನೂರು ಕೂಡಿದರೆ 6,480 ಗಜ. ಮೂರರಿಂದ ಗುಣಿಸಿದರೆ 19,440 ಅಡಿ. ಒಂದು ಲೆಕ್ಕಕ್ಕೆ ಮೂರು ಬೇರೆ ಬೇರೆ ಗುಣಕ. ಪ್ರತಿ ಮೆಟ್ಟಿಲಲ್ಲೂ ಈಗ ಯಾವುದರಿಂದ ಗುಣಿಸಬೇಕು ಎಂದು ನಿಂತು ಯೋಚಿಸಲೇಬೇಕು. ಸಮಯ ತಿನ್ನುವ ಲೆಕ್ಕ, ಒಪ್ಪಿದೆ. ಆದರೆ ಹಾಗೆ ನಿಂತು ಯೋಚಿಸುವಲ್ಲಿ ಒಂದು ಕಲಿಕೆಯೂ ಇತ್ತು.

ಹತ್ತರ ಏಣಿ ಬಂದ ದಾರಿ

ಏಣಿ ಹುಟ್ಟಿದ್ದು ಫ್ರಾನ್ಸಿನ ಕ್ರಾಂತಿಯ ದಿನಗಳಲ್ಲಿ. ಊರಿಗೊಂದು, ಜಮೀನುದಾರನಿಗೊಂದು ಅಳತೆ ಇದ್ದ ದೇಶದಲ್ಲಿ ಎಲ್ಲರಿಗೂ ಒಂದೇ ಅಳತೆ ಬೇಕು ಎಂಬುದು ಜನರ ದೊಡ್ಡ ಬೇಡಿಕೆಯಾಗಿತ್ತು. ಅದು ಯಾರ ಕೈಯೂ ಆಗಬಾರದು, ಯಾವ ರಾಜನ ಪಾದವೂ ಆಗಬಾರದು ಎಂದು ವಿದ್ವಾಂಸರು ಭೂಮಿಯನ್ನೇ ಹಿಡಿದರು. ಧ್ರುವದಿಂದ ಸಮಭಾಜಕ ವೃತ್ತದವರೆಗಿನ ದೂರದ ಕೋಟಿಯ ಒಂದು ಪಾಲು ಒಂದು ಮೀಟರ್. ಅದಕ್ಕಾಗಿ ಡೆಲಾಂಬ್ರ್ ಮತ್ತು ಮೆಶೆ ಎಂಬಿಬ್ಬರು ಖಗೋಳಜ್ಞರು 1792ರಲ್ಲಿ ಹೊರಟು, ಡನ್‌ಕರ್ಕ್‌ನಿಂದ ಬಾರ್ಸಿಲೋನಾದವರೆಗೆ ಯುದ್ಧದ ನಡುವೆ ವರ್ಷಗಟ್ಟಲೆ ಅಳೆದರು. 1795ರ ಏಪ್ರಿಲ್ 7ರ ಕಾನೂನು ಮೀಟರಿಗೂ ಅದರ ಉಪಸರ್ಗಗಳಿಗೂ ಹೆಸರು ಕೊಟ್ಟಿತು. ದೊಡ್ಡದಕ್ಕೆ ಗ್ರೀಕ್: ಡೆಕಾ, ಹೆಕ್ಟೋ, ಕಿಲೋ. ಚಿಕ್ಕದಕ್ಕೆ ಲ್ಯಾಟಿನ್: ಡೆಸಿ, ಸೆಂಟಿ, ಮಿಲಿ.

ಜನ ಕೇಳಿದ್ದು ಒಂದೇ ಅಳತೆಯನ್ನು. ಸಿಕ್ಕಿದ್ದು ಒಂದೇ ಅಳತೆ ಮತ್ತು ಹೊಸ ಲೆಕ್ಕ. ಸಂತೆಯವರು ಅರ್ಧ, ಕಾಲು ಬಿಡಲಿಲ್ಲ. 1812ರಲ್ಲಿ ನೆಪೋಲಿಯನ್ನನ ಸರ್ಕಾರ ಹಳೆಯ ಹೆಸರುಗಳನ್ನೂ ಹಳೆಯ ಪಾಲುಗಳನ್ನೂ ಅಂಗಡಿಗಳಿಗೆ ವಾಪಸು ಕೊಟ್ಟಿತು. 1833ರ ಗೀಜೋ ಕಾನೂನು ಪ್ರಾಥಮಿಕ ಶಾಲೆಯಲ್ಲಿ ಕಲಿಸಲೇಬೇಕಾದ ವಿಷಯಗಳಲ್ಲಿ ಓದು, ಬರಹ, ಲೆಕ್ಕಗಳ ಜೊತೆಗೆ ಕಾನೂನುಬದ್ಧ ತೂಕ–ಅಳತೆಯನ್ನೂ ಸೇರಿಸಿತು. ಮೆಟ್ರಿಕ್ ಪದ್ಧತಿ ಸಂತೆಯಲ್ಲಿ ಪೂರ್ತಿ ಕಡ್ಡಾಯವಾದದ್ದು 1840ರಲ್ಲಿ. ಅಂದರೆ ಹೊರಗೆ ಯಾರೂ ಸರಿಯಾಗಿ ಬಳಸದ ಅಳತೆಯನ್ನು ಮಕ್ಕಳು ಒಳಗೆ ಕಲಿಯುತ್ತಿದ್ದರು. ದೊಡ್ಡವರನ್ನು ಬದಲಿಸಲಾಗದಿದ್ದಾಗ ಮಕ್ಕಳಿಂದ ಶುರು ಮಾಡುವ ಈ ಉಪಾಯ ಆಮೇಲೆ ಬಹಳ ದೇಶಗಳಿಗೆ ಹೋಯಿತು.

ನಮ್ಮಲ್ಲಿ ಈ ಮಾತನ್ನು ಎತ್ತಿ ಹಿಡಿದವರಲ್ಲಿ ಕಲ್ಕತ್ತೆಯ ಫಣೀಂದ್ರನಾಥ ಸೇಠ್ ಒಬ್ಬರು. 1930ರಲ್ಲಿ ಇಂಡಿಯನ್ ಡೆಸಿಮಲ್ ಸೊಸೈಟಿ ಕಟ್ಟಿದವರು. ಸ್ವಾತಂತ್ರ್ಯದ ಬಳಿಕ ಇಂಡಿಯನ್ ಸ್ಟಾಂಡರ್ಡ್ಸ್ ಇನ್‌ಸ್ಟಿಟ್ಯೂಷನ್ನಿನ ಲಾಲ್‌ಚಂದ್ ವರ್ಮನ್ ಅದರ ಬೆನ್ನು ಹತ್ತಿದರು. 1956ರ ನವೆಂಬರ್ 1ರಂದು ಕನ್ನಡದ ಸೀಮೆಗಳು ಒಂದಾದವು. ಅದೇ ವರ್ಷ ಡಿಸೆಂಬರ್ 28ರಂದು ತೂಕ ಮತ್ತು ಅಳತೆಗಳ ಕಾನೂನಿಗೆ ಅಂಕಿತ ಬಿತ್ತು. ಮುಂಬಯಿ ಪ್ರಾಂತ್ಯದ, ಮದ್ರಾಸಿನ, ನಿಜಾಮರ, ಕೊಡಗಿನ, ಹಳೆ ಮೈಸೂರಿನ ಲೆಕ್ಕಗಳನ್ನು ಕಲಿತು ಬಂದವರು ಒಂದೇ ರಾಜ್ಯದವರಾದ ಎರಡು ತಿಂಗಳೊಳಗೆ ಎಲ್ಲರ ಕೈಗೂ ಒಂದೇ ಅಳತೆಗೋಲು ಕೊಡುವ ನಿರ್ಧಾರವೂ ಆಗಿತ್ತು.

ಮೊದಲು ಬದಲಾದದ್ದು ನಾಣ್ಯ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾ ಪೈಸೆ. ಒಂದು ಆಣೆ ಎಂದರೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯ ಇಲ್ಲವಾದ್ದರಿಂದ ಒಂದು ಆಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25 ಎಂದು ಕೋಷ್ಟಕ ಮಾಡಿದರು. ಒಂದೊಂದು ಆಣೆಯ ಸಾಮಾನನ್ನು ನಾಲ್ಕು ಸಲ ಬೇರೆ ಬೇರೆ ಕೊಂಡರೆ 24 ಪೈಸೆ, ಒಟ್ಟಿಗೆ ಕೊಂಡರೆ 25! ಪರಿವರ್ತನೆಯಲ್ಲಿ ಉಳಿಯುವ ಚೂರು ಯಾರ ಪಾಲಿಗೆ ಹೋಗುತ್ತದೆ ಎಂಬ ಪಾಠ ಬೀದಿಯಲ್ಲೇ ನಡೆಯಿತು. ಮೆಟ್ರಿಕ್ ತೂಕಗಳು 1958ರ ಅಕ್ಟೋಬರಿನಿಂದ ಕೆಲವೆಡೆ ಶುರುವಾಗಿ 1962ರ ಏಪ್ರಿಲ್‌ನಲ್ಲಿ ಇಡೀ ದೇಶಕ್ಕೆ ಕಡ್ಡಾಯವಾದವು. ಮೀಟರೂ ಆ ವರ್ಷಗಳಲ್ಲೇ ಬಟ್ಟೆ ಅಂಗಡಿಯೊಳಗೆ ಬಂತು. ರಸ್ತೆಯ ಕಲ್ಲುಗಳು ಕಿಲೋಮೀಟರಿಗೆ ತಿರುಗಿದವು. ಕನ್ನಡದಲ್ಲಿ ಮಾತ್ರ ಅವು ಇಂದಿಗೂ ಮೈಲಿಗಲ್ಲುಗಳು.

ಇದು ದೊಡ್ಡ ಕೆಲಸ, ಒಳ್ಳೆಯ ಕೆಲಸ. ಬೀದರದ ರೈತನಿಗೂ ಮಂಗಳೂರಿನ ವ್ಯಾಪಾರಿಗೂ ಮೀಟರ್ ಒಂದೇ. ಮಕ್ಕಳ ತಲೆಯ ಮೇಲಿಂದ 220, 1,760, 5,280ಗಳ ಹೊರೆ ಇಳಿಯಿತು. ಅದನ್ನು ಮರಳಿ ಹೊರಿಸಬೇಕು ಎಂದು ಯಾರೂ ಹೇಳಲಾರರು.

ಚುಕ್ಕೆಯ ಕಷ್ಟ

ಹೊರೆ ಇಳಿಸುವಾಗ ಜೊತೆಗೆ ಇನ್ನೊಂದು ಇಳಿದುಹೋಯಿತು. ಎಲ್ಲ ಮೆಟ್ಟಿಲೂ ಹತ್ತೇ ಆದ್ದರಿಂದ, ಒಂದು ಮಾನಕ್ಕೂ ಇನ್ನೊಂದಕ್ಕೂ ನಡುವೆ ಒಂದು ಒಪ್ಪಂದವಿದೆ, ಅದು ಬೇರೆ ಸಂಖ್ಯೆಯೂ ಆಗಿರಬಹುದಿತ್ತು ಎಂಬುದು ಮಗುವಿಗೆ ಹೊಳೆಯುವುದೇ ಇಲ್ಲ. ಪರಿವರ್ತನೆ ಎಂದರೆ ಚುಕ್ಕೆ ಸರಿಸುವುದು ಎಂದಾಗುತ್ತದೆ. ಹೊರಗಿನ ಲೋಕವೋ ಇನ್ನೂ ಪೂರ್ತಿ ಹತ್ತರ ಲೋಕವಾಗಿಲ್ಲ.

ನಿತ್ಯ ಕಾಣುವ ಮೂರು ಚುಕ್ಕೆಗಳನ್ನು ನೋಡಿ. ಎತ್ತರವನ್ನು 5.10 ಎಂದು ಬರೆಯುತ್ತೇವೆ, ಐದಡಿ ಹತ್ತಿಂಚು ಎಂಬರ್ಥದಲ್ಲಿ. ದಶಮಾಂಶ ಕಲಿತ ಮಗುವಿಗೆ 5.10 ಎಂಬುದು 5.9ಕ್ಕಿಂತ ಕಡಿಮೆ, ಅಂದರೆ ಅಣ್ಣ ತಮ್ಮನಿಗಿಂತ ಗಿಡ್ಡ. ಊರಿನ ಜಮೀನಿನ ಮಾತಿನಲ್ಲಿ 2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಕ್ಯಾಲ್ಕುಲೇಟರಿಗೆ ಅದು 2.2. ಈ ತಪ್ಪಿನ ಬೆಲೆ ಹನ್ನೆರಡು ಗುಂಟೆ ಭೂಮಿ. ಕ್ರಿಕೆಟ್ಟಿನಲ್ಲಿ 19.5 ಓವರಿನ ಮುಂದಿನ ಎಸೆತಕ್ಕೆ 20 ಓವರ್. ಅಲ್ಲಿ ಚುಕ್ಕೆಯ ಬಲಗಡೆ ಇರುವುದು ಆರರ ಲೆಕ್ಕ. ಮೂರೂ ಕಡೆ ಚುಕ್ಕೆ ಒಂದೇ, ಅದರ ಹಿಂದಿನ ಒಪ್ಪಂದ ಬೇರೆ: ಹನ್ನೆರಡು, ನಲವತ್ತು, ಆರು. ಒಪ್ಪಂದ ಯಾವುದು ಎಂದು ಕೇಳಲು ಕಲಿತ ಮಗು ಎಲ್ಲಿಯೂ ಎಡವುವುದಿಲ್ಲ. ಚುಕ್ಕೆ ಸರಿಸಲು ಮಾತ್ರ ಕಲಿತ ಮಗು ಮೂರೂ ಕಡೆ ಎಡವುತ್ತದೆ.

ಇನ್ನೊಂದು ಕಷ್ಟ ಪದಗಳದ್ದು. 1956ರ ಕಾನೂನು ಅಂತರರಾಷ್ಟ್ರೀಯ ಹೆಸರುಗಳನ್ನೇ ಇಟ್ಟುಕೊಂಡಿತು. ಕನ್ನಡ ಮಾಧ್ಯಮದ ಮಗುವಿಗೆ ಹೆಕ್ಟೋ, ಡೆಕಾ, ಡೆಸಿ ಎಂಬವು ಅರ್ಥವಿಲ್ಲದ ಸದ್ದುಗಳು. ಹಾಗೆ ಬಿಡಬೇಕಾಗಿಲ್ಲ. ‘ಡೆಕಾ’, ‘ಡೆಸಿ’ ಎರಡೂ ದಶಕದಲ್ಲಿರುವ ‘ದಶ’ಕ್ಕೆ ರಕ್ತಸಂಬಂಧಿಗಳು. ‘ಹೆಕ್ಟೋ’, ‘ಸೆಂಟಿ’ ಎರಡೂ ಶತಕದಲ್ಲಿರುವ ‘ಶತ’ದ ಬಂಧುಗಳು. ‘ಕಿಲೋ’ವಿನ ಗ್ರೀಕ್ ಮೂಲಕ್ಕೂ ನಮ್ಮ ‘ಸಹಸ್ರ’ದ ಕೊನೆಯ ಭಾಗಕ್ಕೂ ಬೇರು ಒಂದೇ ಎಂದು ಭಾಷಾಶಾಸ್ತ್ರ ಹೇಳುತ್ತದೆ. ‘ಮೀಟರ್’ ಕೂಡ ಹೊರಗಿನದಲ್ಲ. ಛಂದಸ್ಸಿನಲ್ಲಿ ನಾವು ಎಣಿಸುವ ‘ಮಾತ್ರೆ’, ಅಳತೆಯ ‘ಮಾನ’ ಇವೆರಡೂ ಅದೇ ಮೂಲಧಾತುವಿನ ಮಕ್ಕಳು. ಸಂಸ್ಕೃತದಿಂದ ಕನ್ನಡಕ್ಕೆ ಬಂದು ಮನೆಯವರಾದ ಪದಗಳ ಮೂಲಕ ಈ ಹೆಸರುಗಳನ್ನು ಪರಿಚಯಿಸಿದರೆ ಏಣಿ ಬಾಯಿಪಾಠದ ಏಣಿಯಾಗಿ ಉಳಿಯುವುದಿಲ್ಲ.

ಅನುವಾದದಲ್ಲೂ ಈ ಪಾಠ ಬೇಕಾಗುತ್ತದೆ. ಕಾದಂಬರಿಯ ಪಾತ್ರವೊಂದು ಸುಮಾರು ಒಂದು ಮೈಲಿ ನಡೆದ ಎಂದಿದ್ದರೆ ಅದನ್ನು 1.6 ಕಿಲೋಮೀಟರ್ ಎಂದು ತಿರುಗಿಸುವುದು ಲೆಕ್ಕದಲ್ಲಿ ಸರಿ, ಅರ್ಥದಲ್ಲಿ ತಪ್ಪು. ಮೂಲದಲ್ಲಿದ್ದದ್ದು ಅಂದಾಜು, ಚುಕ್ಕೆ ಅದಕ್ಕೆ ಇಲ್ಲದ ನಿಖರತೆಯನ್ನು ಅಂಟಿಸುತ್ತದೆ. ‘ಒಂದೂವರೆ ಕಿಲೋಮೀಟರ್’ ಅಂದರೆ ಸರಿಹೋಗುತ್ತದೆ. ಗಮನಿಸಿ: ಹತ್ತರ ಮಾನವನ್ನು ಒಪ್ಪಿಕೊಂಡ ಮೇಲೂ ನಮ್ಮ ನಾಲಿಗೆ ಅರೆ, ಕಾಲುಗಳಲ್ಲೇ ಅದನ್ನು ಮಡಚುತ್ತದೆ. ಮುಕ್ಕಾಲು ಮೀಟರ್ ಬಟ್ಟೆ ಕೇಳುವವರು ಏಳೂವರೆ ಡೆಸಿಮೀಟರ್ ಅನ್ನುವುದಿಲ್ಲ.

ಮನೆಯಲ್ಲಿ ಮಾಡಬಹುದಾದ ಪಾಠ

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಬಂದ ಎನ್‌ಸಿಇಆರ್‌ಟಿಯ ‘ಮ್ಯಾಥ್ ಮ್ಯಾಜಿಕ್’ ಪುಸ್ತಕಗಳು ಉದ್ದದ ಪಾಠವನ್ನು ಗೇಣು, ಹೆಜ್ಜೆಗಳ ಹತ್ತಿರ ಮರಳಿ ತಂದವು. ಒಳ್ಳೆಯದೇ ಆಯಿತು. ಆದರೆ ತರಗತಿಯಲ್ಲಿ ಅದು ಒಂದು ದಿನದ ಆಟವಾಗಿ ಮುಗಿದು, ಮರುದಿನದಿಂದ ಏಣಿಯ ಬಾಯಿಪಾಠ ನಡೆದರೆ ಪ್ರಯೋಜನವಿಲ್ಲ. ಪುಣೆಯಲ್ಲೋ ದಿಲ್ಲಿಯಲ್ಲೋ ಬೆಳೆಯುವ, ಲೆಕ್ಕವನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕಲಿಯುವ ನಮ್ಮ ಮಕ್ಕಳಿಗೆ ಈ ಎರಡು ದಿನಗಳ ನಡುವಿನ ಸೇತುವೆಯನ್ನು ಮನೆಯಲ್ಲಿ, ಕನ್ನಡದಲ್ಲಿ ಕಟ್ಟಬಹುದು.

ಊಟದ ಮೇಜನ್ನೋ ಮಂಚವನ್ನೋ ಮಗು ತನ್ನ ಮೊಳದಲ್ಲಿ ಅಳೆಯಲಿ. ಐದು ಮೊಳ ಬಂತು ಅನ್ನಿ. ಈಗ ಗೇಣಿನಲ್ಲಿ ಅಳೆಯುವ ಮೊದಲು ನಿಲ್ಲಿಸಿ ಕೇಳಿ: ಸಂಖ್ಯೆ ಹೆಚ್ಚಾಗುತ್ತದೋ ಕಡಿಮೆಯಾಗುತ್ತದೋ? ಉತ್ತರ ಬಂದ ಮೇಲೆ ಅಳೆಯಲಿ. ಹತ್ತಿರ ಹತ್ತಿರ ಹತ್ತು ಗೇಣು ಬರುತ್ತದೆ. ಮಂಚ ಬೆಳೆಯಲಿಲ್ಲ, ಅಳತೆ ಚಿಕ್ಕದಾಯಿತು, ಅಷ್ಟೇ. ಇದನ್ನು ಕೈಯಾರೆ ಕಂಡ ಮಗು ಮುಂದೆ 3 ಮೀಟರನ್ನು 0.03 ಸೆಂಟಿಮೀಟರ್ ಎಂದು ಬರೆದರೆ ತಾನೇ ಗುರುತಿಸುತ್ತದೆ: ಅಳತೆ ಚಿಕ್ಕದಾಗಿದೆ, ಸಂಖ್ಯೆಯೂ ಏಕೆ ಚಿಕ್ಕದಾಯಿತು?

ಆಮೇಲೆ ಅದೇ ಮಂಚವನ್ನು ದೊಡ್ಡವರು ಅಳೆಯಲಿ. ಐದು ಮೊಳ ನಾಲ್ಕಾಗಬಹುದು, ಮೂರೂವರೆಯಾಗಬಹುದು. ಯಾರದು ಸರಿ ಎಂಬ ಜಗಳ ಬರಲಿ. ಫ್ರಾನ್ಸಿನ ಸಂತೆಯಲ್ಲಿ, ಮೂರು ಪ್ರಾಂತ್ಯಗಳ ಗಜದಲ್ಲಿ ನಡೆದದ್ದು ಇದೇ ಜಗಳ. ಮೀಟರ್ ಪಟ್ಟಿಯನ್ನು ತೆಗೆಯಬೇಕಾದದ್ದು ಆಗ. ಬೇಕು ಅನ್ನಿಸಿದ ಮೇಲೆ ಬಂದ ಮೀಟರ್ ಬೇರೆ, ಪುಸ್ತಕದಲ್ಲಿ ಇದೆ ಎಂದು ಬಂದ ಮೀಟರ್ ಬೇರೆ.

ಕೊನೆಗೆ ದರ್ಜಿಯ ಟೇಪು. ಅದರ ಒಂದು ಮೈಯಲ್ಲಿ ಇಂಚು, ಇನ್ನೊಂದು ಮೈಯಲ್ಲಿ ಸೆಂಟಿಮೀಟರ್. ಅದನ್ನು ತಿರುಗಿಸಿ ತಿರುಗಿಸಿ ನೋಡುವ ಮಗು 10 ಇಂಚಿಗೆ 25 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಎಂದು ತಾನೇ ಕಂಡುಕೊಳ್ಳುತ್ತದೆ. 1959ರಿಂದ ಒಂದು ಇಂಚು ಎಂದರೆ ಸರಿಯಾಗಿ 2.54 ಸೆಂಟಿಮೀಟರ್ ಎಂದು ದೇಶಗಳು ಕೂತು ಒಪ್ಪಿಕೊಂಡದ್ದನ್ನು ಆಗ ಹೇಳಬಹುದು. ಮೀಟರ್ ಇಂದು ಭೂಮಿಯ ಪಾಲೂ ಅಲ್ಲ, ಲೋಹದ ಪಟ್ಟಿಯೂ ಅಲ್ಲ. 1983ರಿಂದ ಅದು ಬೆಳಕು ಒಂದು ಸೆಕೆಂಡಿನ 29,97,92,458ರಲ್ಲಿ ಒಂದು ಪಾಲು ಹೊತ್ತಿನಲ್ಲಿ ಸಾಗುವ ದೂರ. ಹೂವಿನವಳ ಕೈಯಿಂದ ಬೆಳಕಿನವರೆಗೆ ಬಹಳ ದೂರ ಬಂದಂತೆ ಕಾಣುತ್ತದೆ. ಆದರೆ ಅದೂ ಜನ ಒಂದು ಕಡೆ ಸೇರಿ ಇಷ್ಟೇ ಎಂದು ಮಾಡಿಕೊಂಡ ಒಪ್ಪಂದ. ಮಹಾವೀರ ಲೆಕ್ಕಕ್ಕಿಂತ ಮೊದಲು ಪರಿಭಾಷೆ ಇಟ್ಟದ್ದು ಇದಕ್ಕೇ. ಮಗು ‘ಯಾರ ಮೊಳ?’ ಎಂದು ಕೇಳಿದ ದಿನ ಪಾಠದ ಕಷ್ಟದ ಭಾಗ ಮುಗಿದಿರುತ್ತದೆ. ಹತ್ತರಿಂದ ಗುಣಿಸುವುದನ್ನು ಹೇಳಿಕೊಡಲು ಒಂದು ಸಂಜೆ ಸಾಕು.